ಒದೆಯುವ ಆಸ್ತಿ, ಹಾರುವ ಆಸ್ತಿ

ಜೀವ ಇಲ್ಲದ ಆಸ್ತಿಯ ಲೆಕ್ಕ ಬರೆಯುವವರು ಪುಣ್ಯವಂತರು. ಬೀರು ಇಟ್ಟ ಕಡೆ ಇರುತ್ತದೆ, ಫ್ಯಾನು ಮರಿ ಹಾಕುವುದಿಲ್ಲ, ಟೇಬಲ್ಲು ಯಾರ ಮೇಲೂ ಕೋಪ ಮಾಡಿಕೊಳ್ಳುವುದಿಲ್ಲ. ಹಸು, ಹುಳು, ಮರ, ಹಕ್ಕಿಗಳ ಲೆಕ್ಕಕ್ಕೆ ಕೈಹಾಕಿದವನಿಗೆ ಮಾತ್ರ ಹೋದಲ್ಲೆಲ್ಲ ಒಂದು ಪ್ರಸಂಗ ತಪ್ಪಿದ್ದಲ್ಲ. ನಾನು ಹುಡುಕಿಕೊಂಡು ಹೋಗಲಿಲ್ಲ, ಅವೇ ನನ್ನನ್ನು ಹುಡುಕಿಕೊಂಡು ಬಂದವು.

ನಾನು ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಕೂತು ಲೆಕ್ಕಪತ್ರ ಬರೆಯುವವನು. ಗಿರಾಕಿಗಳು ಹೆಚ್ಚಾಗಿ ಅಂಗಡಿಯವರು, ಗೂಡ್ಸ್ ಆಟೋ ಇಟ್ಟವರು, ಒಬ್ಬರು ಶಾಮಿಯಾನದವರು. ಅವರ ಆಸ್ತಿಯೆಲ್ಲ ಕಬ್ಬಿಣ, ರಬ್ಬರು, ಬಟ್ಟೆ. ಹೀಗೆ ನೆಮ್ಮದಿಯಾಗಿದ್ದವನ ಮುಂದೆ ಒಂದು ದಿನ ಬೇತಮಂಗಲದ ಆಚೆಯ ಹಳ್ಳಿಯೊಂದರಿಂದ ಹೆಂಗಸರ ಹಾಲಿನ ಕಂಪನಿಯ ಅಧ್ಯಕ್ಷೆ ಬಂದು ಕೂತರು. ಐವತ್ತು ದಾಟಿದ ಹೆಂಗಸು. ಮೆಟ್ಟಿಲು ಹತ್ತಿದ ಆಯಾಸಕ್ಕೆ ನನ್ನ ಟೇಬಲ್ಲಿನ ನೀರು ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು, ವಿಷಯಕ್ಕೆ ಬಂದರು.

ಅವರ ಕಷ್ಟ ಇಷ್ಟೇ. ಬಂಗಾರಪೇಟೆಯಿಂದ ಹಾಲಿನ ವ್ಯಾನು ಬೆಳಿಗ್ಗೆ ಒಂದೇ ಸಲ ಬರುತ್ತದೆ. ಬೆಳಗಿನ ಹಾಲು ಹೋಗುತ್ತದೆ, ಸಂಜೆಯ ಹಾಲು ಮನೆಯಲ್ಲೇ ಉಳಿಯುತ್ತದೆ. ಚಳಿಗಾಲದಲ್ಲಿ ಹೇಗೋ ನಡೆಯುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಒಡೆದಿರುತ್ತದೆ. ಊರಿಗೊಂದು ಹಾಲು ತಂಪು ಮಾಡುವ ಮೆಶೀನು ಬಂದರೆ ಆ ಹಾಲೆಲ್ಲ ಉಳಿಯುತ್ತದೆ. ಬ್ಯಾಂಕು ಸಾಲ ಕೊಡಲು ತಯಾರಿದೆ. ಆದರೆ ಊರಿನಲ್ಲಿ ಜೈವಿಕ ಆಸ್ತಿ ಏನೇನಿದೆ, ಸಂಜೆಯ ಹಾಲು ಎಷ್ಟು, ಲೆಕ್ಕ ಬಲ್ಲವರ ಕೈಲಿ ವರದಿ ಬರೆಸಿಕೊಂಡು ಬನ್ನಿ ಎಂದು ಬ್ಯಾಂಕಿನ ಸಾಹೇಬರು ಹೇಳಿದ್ದಾರೆ.

"ಬ್ಯಾಸ್ಗೆ ಬರೋದ್ರೊಳಗೆ ಮೆಶೀನು ಬರ್ಬೇಕು ಕಣಣ್ಣ," ಎಂದರು ಅಧ್ಯಕ್ಷೆ. "ಓದ್ ವರ್ಷ ಒಡೆದ ಆಲು ಚೆಲ್ಲಿ ಚೆಲ್ಲಿ, ಕಡೀಗೆ ನಾಯಿಗಳೂ ಮೂಸಿ ನೋಡಿ ಓಗ್ತಿದ್ವು. ಅದಿರ್ಲಿ, ಜೈವಿಕ ಆಸ್ತಿ ಅಂದ್ರೇನು?"

ಬೇಸಾಯಕ್ಕೆಂದು ಇಟ್ಟುಕೊಂಡಿರುವ, ಜೀವವಿರುವ ಪ್ರಾಣಿ ಅಥವಾ ಗಿಡ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಇಷ್ಟಕ್ಕೆ ಓದ್ಬೇಕಾ ಅಣ್ಣ? ನಮ್ಮೂರ್ ತುಂಬಾ ಅದೇ ಐತೆ, ಬನ್ನಿ."

ಸಹಜ ನಷ್ಟ

ಮೊದಲ ಸಭೆ ಹಾಲಿನ ಡೇರಿಯ ಜಗಲಿಯ ಮೇಲೆ ನಡೆಯಿತು. ಹೆಂಗಸರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಹಾಗಾಗಿ ಬೇಗ ಮುಗಿಸಿ ಎನ್ನುವ ಮುಖ ಎಲ್ಲರದ್ದೂ. ನಾನು ಶುರು ಮಾಡಿದೆ. ಹಸು ಜೈವಿಕ ಆಸ್ತಿ. ಅದರಿಂದ ಕರೆದ ಹಾಲು ಕೃಷಿ ಉತ್ಪನ್ನ. ಆ ಹಾಲನ್ನು ಕಾಯಿಸಿ ಕೋವ ಮಾಡಿದರೆ ಅದು ದಾಸ್ತಾನು ಸರಕು. ಮೂರಕ್ಕೂ ಬೇರೆ ಬೇರೆ ಖಾನೆ.

ಕಂಬಕ್ಕೆ ಒರಗಿ ಕೂತಿದ್ದ ಒಬ್ಬಾಕೆ, "ಇರೋದೊಂದು ಅಸ. ಅದನ್ನೂ ಮೂರು ಪಾಲು ಮಾಡ್ತೀರಾ ಸಾರ್? ಪಾಲು ಮಾಡಕ್ಕೆ ನಮ್ ಮೈದುನ್ರೇ ಸಾಕಾಗಿದ್ರು," ಎಂದರು.

ಅಧ್ಯಕ್ಷೆ ಮಾತ್ರ ಗಮನವಿಟ್ಟು ಕೇಳುತ್ತಿದ್ದರು. "ಅಂದ್ರೆ ಕೆಚ್ಚಲಲ್ಲಿರೋವರ್ಗೂ ಅಸಿನ ಲೆಕ್ಕ, ಚೊಂಬಿಗೆ ಬಿದ್ಮೇಲೆ ಆಲಿನ ಲೆಕ್ಕ. ಸರೇನಾ?"

ಸರಿ ಎಂದೆ.

"ಚೊಂಬಿಗೆ ಬಿತ್ತು. ಆಮೇಲೆ ಅಸ ಚೊಂಬನ್ನ ಒದೀತು. ಅದ್ಯಾವ ಲೆಕ್ಕ?"

ಅದು ನಷ್ಟ, ನಷ್ಟದಲ್ಲಿ ಎರಡು ಬಗೆ ಎಂದು ವಿವರಿಸಿದೆ. ದಿನವೂ ಆಗುವಂಥದ್ದು, ತಪ್ಪಿಸಲಾಗದ್ದು, ಸಹಜ ನಷ್ಟ. ಎಂದೋ ಒಮ್ಮೆ ಆಕಸ್ಮಿಕವಾಗಿ ಆಗುವುದು ಅಸಹಜ ನಷ್ಟ. ಹಸು ಒದ್ದು ಹಾಲು ಚೆಲ್ಲುವುದು ಅಸಹಜಕ್ಕೆ ಸೇರುತ್ತದೆ. ಇಷ್ಟು ಹೇಳುವಷ್ಟರಲ್ಲಿ ಜಗಲಿಯ ತುಂಬ ನಗು ಎದ್ದಿತು. ಎಲ್ಲರೂ ಕಂಬದ ಹೆಂಗಸಿನ ಕಡೆ ನೋಡಿ ನಗುತ್ತಿದ್ದರು. ಅವರು ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದು, "ನಮ್ಮನೇ ಅಸಾನೇ ಮೊದ್ಲು ನೋಡಿ ಸಾರ್, ಬನ್ನಿ," ಎಂದರು.

ಹೋದೆ. ಕಂದು ಬಣ್ಣದ ಹಸು, ಸೊಪ್ಪು ತಿನ್ನುತ್ತಾ ನಿಂತಿತ್ತು. ಮುಖ ನೋಡಿದರೆ ದೇವರಂಥದ್ದು. ಕಿವಿಯ ಬಿಲ್ಲೆಯ ನಂಬರು ಬರೆದುಕೊಳ್ಳೋಣ ಎಂದು ಪಕ್ಕದಿಂದ ಬಗ್ಗಿದೆ. ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ಗಂಜಲದಲ್ಲಿ ಕೂತಿದ್ದೆ, ಮೊಣಕಾಲು ನನ್ನದಲ್ಲವೆನ್ನುವಂತಿತ್ತು, ಪೆನ್ನು ಮೇವಿನ ತೊಟ್ಟಿಯಲ್ಲಿತ್ತು. ಆ ಹೆಂಗಸು ಗಾಬರಿಯಾಗಲಿಲ್ಲ. ಕೈಕೊಟ್ಟು ಎಬ್ಬಿಸಿ, ಹಿಂದೆ ಬಂದು ನಿಂತಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ಏಳಿ ಸಾರ್, ಏನೂ ಆಗಿಲ್ಲ. ಸಹಜ ನಷ್ಟ."

ಊಟದ ಹೊತ್ತಿನ ಗಾಳಿ

ಹಸುವಿನ ಜೊತೆಗೆ ಮಾವಿನ ಮರಗಳನ್ನೂ ಸೇರಿಸಿದರೆ ಆಸ್ತಿ ದೊಡ್ಡದಾಗಿ ಕಾಣುತ್ತದೆ, ಸಾಹೇಬರು ಬೇಗ ಒಪ್ಪುತ್ತಾರೆ ಎಂದು ಅಧ್ಯಕ್ಷೆಯ ಎಣಿಕೆ. ನನ್ನನ್ನು ತಮ್ಮ ತೋಟಕ್ಕೇ ಕರೆದುಕೊಂಡು ಹೋದರು. "ಮರಕ್ಕೂ ಜೀವ ಐತಲ್ಲ, ಬರ್ಕೊಳ್ಳಿ."

ಇಲ್ಲೊಂದು ತೊಡಕಿದೆ ಎಂದೆ. ವರ್ಷ ವರ್ಷ ಫಸಲು ಕೊಡುವ, ತಾನು ಮಾತ್ರ ಮಾರಾಟಕ್ಕಿಲ್ಲದ ಮರವನ್ನು ನಮ್ಮ ಶಾಸ್ತ್ರದಲ್ಲಿ ಯಂತ್ರದ ಹಾಗೆ ಎಣಿಸುತ್ತಾರೆ. ಕಟ್ಟಡ, ಪಂಪ್‌ಸೆಟ್ಟಿನ ಸಾಲಿಗೆ ಅದು ಸೇರುತ್ತದೆ. ಮರದ ಮೇಲಿನ ಕಾಯಿ ಮಾತ್ರ ಜೈವಿಕ ಆಸ್ತಿ. ಕಿತ್ತ ಮೇಲೆ ಅದೂ ಅಲ್ಲ.

ಅಧ್ಯಕ್ಷೆ ಮರವನ್ನೂ ನನ್ನನ್ನೂ ನೋಡಿದರು. "ಮರ ಕಟ್ಟಡ ಅಂದ್ರೆ, ಇನ್ಮೇಲೆ ನೀರಾಕೋದು ಬುಟ್ಟು ಸುಣ್ಣ ಬಳೀಬೇಕಾ?"

ನಾನು ಮರದ ಬುಡ ನೋಡಿದೆ. ಗೆದ್ದಲು ಹತ್ತದಿರಲೆಂದು ಎಲ್ಲ ಮರಕ್ಕೂ ಸೊಂಟದವರೆಗೆ ಆಗಲೇ ಸುಣ್ಣ ಬಳಿದಿದ್ದರು.

ಸರಿ, ಕಾಯಿಯನ್ನಾದರೂ ಬರೆಯೋಣವೆಂದರೆ ಅದೂ ಆಗಲಿಲ್ಲ. ಈ ಕಡೆ ಮಾವನ್ನು ಹೂವಿನಲ್ಲೇ ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ಮರ ಇವರದು, ಕಾಯಿ ಗುತ್ತಿಗೆದಾರನದು. ಇವರಿಗೆ ಉಳಿಯುವುದು ಗಾಳಿಗೆ ತಾನಾಗಿ ಬಿದ್ದ ಕಾಯಿ ಮಾತ್ರ. ಅದು ಮನೆಯವರಿಗೆ ಎನ್ನುವುದು ಊರ ಕಟ್ಟಳೆ, ಗುತ್ತಿಗೆದಾರ ಅದನ್ನು ಮುಟ್ಟುವಂತಿಲ್ಲ.

ಗುತ್ತಿಗೆದಾರ ಗುಡಿಸಲಿನ ನೆರಳಲ್ಲೇ ಕೂತಿದ್ದ. ಪುಸ್ತಕ ಹಿಡಿದ ನನ್ನನ್ನು ಯಾವುದೋ ಇಲಾಖೆಯವನೆಂದು ತಿಳಿದು ಎದ್ದು ಬಂದು ದೂರು ಕೊಟ್ಟ. ಅವನು ಹೇಳಿದ್ದು: ಇಡೀ ತೋಟದಲ್ಲಿ ಗಾಳಿ ಬೀಸುವುದು ಮನೆ ಹತ್ತಿರದ ಈ ಒಂದು ಮರಕ್ಕೆ ಮಾತ್ರ. ಅದೂ ಅವನು ಊಟಕ್ಕೆ ಹೋದಾಗ ಮಾತ್ರ. ಬಂದು ನೋಡಿದರೆ ಬುಟ್ಟಿ ತುಂಬ ಕಾಯಿ, ಎಲ್ಲವೂ ದಪ್ಪ ದಪ್ಪನೆಯವೇ, ಒಂದಕ್ಕೂ ಬಿದ್ದ ಪೆಟ್ಟಿಲ್ಲ.

ಮನೆಯ ಜಗಲಿಯ ಮೇಲೆ ಅಧ್ಯಕ್ಷೆಯ ಅತ್ತೆ ಕೂತು ಮಾವಿನಕಾಯಿ ಹೆಚ್ಚುತ್ತಿದ್ದರು. ಪಕ್ಕದಲ್ಲೇ ಕಾಯಿ ಕೀಳುವ ಒಂದು ಉದ್ದನೆಯ ದೋಟಿ ಗೋಡೆಗೆ ಒರಗಿತ್ತು. ಅಜ್ಜಿಗೆ ಕನ್ನಡ ಅರ್ಥವಾಗುತ್ತದೆ, ಮಾತೆಲ್ಲ ತೆಲುಗು. ಗುತ್ತಿಗೆದಾರನ ದೂರು ಪೂರ್ತಿ ಕೇಳಿಸಿಕೊಂಡು, ತಲೆ ಎತ್ತದೆ ಅವರು ಅಂದದ್ದು ಇಷ್ಟೇ: "ಗಾಲಿಕಿ ಮಾತ್ರಂ ಆಕಲಿ ಉಂಡದಾ?" ಊಟದ ಹೊತ್ತಿನಲ್ಲಿ ಗಾಳಿಗೆ ಮಾತ್ರ ಹಸಿವಾಗಬಾರದೇನು, ಎಂದು ಅದರ ಅರ್ಥ.

ಕಿವಿಯಿಂದ ಮಾಡಿದ ತಪಾಸಣೆ

ಊರಿನಲ್ಲಿ ರೇಷ್ಮೆ ಹುಳು ಸಾಕುವ ಮನೆಯೂ ಒಂದಿತ್ತು. ಹುಳು ಜೈವಿಕ ಆಸ್ತಿ, ಅದರಲ್ಲಿ ಅನುಮಾನವಿಲ್ಲ. ಕಣ್ಣಾರೆ ನೋಡಿ ಬರೆಯಬೇಕು ಎನ್ನುವುದು ನಿಯಮ. ನಾನು ಹುಳುವಿನ ಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಆ ಮನೆಯ ಹೆಂಗಸು ಅಡ್ಡ ನಿಂತರು.

"ಒಳಕ್ಕೆ ಬರಂಗಿಲ್ಲ ಸಾರ್. ಉಳ ನಾಕನೇ ಜ್ವರ ಎದ್ದೈತೆ. ನೀವು ಬಸ್ಸಲ್ಲಿ ಬಂದಿದ್ದೀರ, ಬೀಡಿ ವಾಸ್ನೆ, ಸೆಂಟು ವಾಸ್ನೆ ಎಲ್ಲಾ ಮೈಮ್ಯಾಲೆ ಐತೆ."

ಜ್ವರ ಎಂದರೆ ಹುಳು ಪೊರೆ ಬಿಡುವ ಸಮಯವಂತೆ. ನಾನು ಬೀಡಿ ಸೇದುವವನಲ್ಲ ಎಂದೆ. "ನೀವಲ್ಲ, ಪಕ್ಕದಾಗೆ ಕೂತಿದ್ದೋರು," ಎಂದರು. ನಿಜ, ಕೆಜಿಎಫ್‌ನಿಂದ ಬರುವ ಆ ಬಸ್ಸಿನಲ್ಲಿ ಪಕ್ಕದವರ ವಾಸನೆ ಹತ್ತಿಸಿಕೊಳ್ಳದೆ ಇಳಿದವರಿಲ್ಲ. ಬಾಗಿಲ ಸಂದಿಯಿಂದ ನೋಡುತ್ತೇನೆ ಎಂದೆ. ಸಂದಿಯಿಂದ ಗಾಳಿ ಹೋಗುತ್ತದೆ ಎಂದರು. ಕಡೆಗೆ ಅವರೇ ಒಂದು ದಾರಿ ಹೇಳಿದರು. ಗೋಡೆಗೆ ಕಿವಿ ಇಡಬೇಕು.

ಇಟ್ಟೆ. ಒಳಗೆ ಸಾವಿರಾರು ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು, ಜಿನುಗು ಮಳೆ ಬಿದ್ದ ಹಾಗೆ. ನಿಜ ಹೇಳಬೇಕೆಂದರೆ ನನಗೆ ಆ ಗೋಡೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಈ ಕಸುಬಿನಲ್ಲಿ ಇಷ್ಟು ಹಿತವಾದ ತಪಾಸಣೆ ನಾನು ಮಾಡಿದ್ದಿಲ್ಲ.

ವರದಿಯಲ್ಲಿ "ಕೇಳಿ ಖಚಿತಪಡಿಸಿಕೊಂಡಿದೆ" ಎಂದು ಬರೆದೆ. ಅದನ್ನು ಟೈಪು ಮಾಡಿಸಿ ತರುವ ಹೊತ್ತಿಗೆ ಹುಳುಗಳೆಲ್ಲ ಗೂಡು ಕಟ್ಟಿ ಮುಗಿಸಿದ್ದವು. ಗೂಡು ಆಸ್ತಿಯಲ್ಲ, ಉತ್ಪನ್ನ. ಬ್ಯಾಂಕಿನ ಸಾಹೇಬರು ಫೋನಿನಲ್ಲಿ ವರದಿ ಓದುತ್ತಾ, "ಈ ಹುಳಾ ಈಗೆಲ್ಲಿ ಅದಾವ್ರೀ?" ಎಂದು ಕೇಳಿದರು. ಬೇರೆ ಖಾನೆಗೆ ಹೋಗಿವೆ ಎಂದೆ. ಆ ಕಡೆ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ, "ಹೋಗುವಾಗ ಸಪ್ಪಳಾ ಮಾಡಿದ್ವೇನ್ರೀ?" ಎಂದರು.

ಬಲಿಯದ ಟಗರು

ಅಧ್ಯಕ್ಷೆಯ ಮನೆಯ ಹಿತ್ತಿಲಲ್ಲಿ ಒಂದು ಟಗರಿತ್ತು. ಕೊಂಬು ಎರಡು ಸುತ್ತು ಸುತ್ತಿಕೊಂಡು ಕಿವಿಯ ಹತ್ತಿರ ಬಂದಿತ್ತು. ಗತ್ತು ನೋಡಿದರೆ ಊರ ಹಿರಿಯರಲ್ಲಿ ಅದೂ ಒಂದು. ಇದರ ಬೆಲೆ ಎಷ್ಟು ಬರೆಯಲಿ ಎಂದು ಕೇಳಿದೆ.

"ಅದಕ್ಕೆ ಬೆಲೆ ಕಟ್ಟಂಗಿಲ್ಲ. ಅಮ್ಮನಿಗೆ ಬಿಟ್ಟಿರೋದು," ಎಂದರು ಅಧ್ಯಕ್ಷೆ. ಮಗಳಿಗೆ ಮಗುವಾದರೆ ಗ್ರಾಮದೇವತೆಗೆ ಟಗರು ಕೊಡುತ್ತೇನೆಂದು ಹರಕೆ ಹೊತ್ತಿದ್ದರಂತೆ. ಮಗುವಾಯಿತು. ಮಗು ಈಗ ಶಾಲೆಗೆ ಹೋಗುತ್ತದೆ. ಟಗರು ಮಾತ್ರ ಹಿತ್ತಿಲಲ್ಲೇ ಇದೆ.

"ಮತ್ತೇಕೆ ಇನ್ನೂ ಕೊಟ್ಟಿಲ್ಲ?"

"ಸೊರಗಿರೋದನ್ನ ಅಮ್ಮನಿಗೆ ಎಂಗೆ ಕೊಡಾದು? ಎಷ್ಟು ತಿನ್ಸಿದ್ರೂ ಮೈಗತ್ತಲ್ಲ ಕಣಣ್ಣ. ಜೋಳ ಆಕ್ತೀನಿ, ಇಂಡಿ ಆಕ್ತೀನಿ. ಅದ್ಯಾವ ರೋಗಾನೋ ಕಾಣೆ." ಇಷ್ಟು ಹೇಳಿ ಅವರು ಡೇರಿಯ ಕಡೆಗೆ ಹೋದರು.

ನಾನು ಚಹಾ ಮುಗಿಸುತ್ತಾ ಕೂತಿದ್ದೆ. ಅವರ ಯಜಮಾನರು ಹಿತ್ತಿಲಿಗೆ ಬಂದರು. ಮಾತು ಕಡಿಮೆಯ ಮನುಷ್ಯ. ಟಗರಿನ ಹಗ್ಗ ಬಿಚ್ಚಿದರು. ಟಗರು ತಾನೇ ಮುಂದಾಗಿ ಬಾಗಿಲ ಕಡೆ ನಡೆಯಿತು. ಎಲ್ಲಿಗೆ ಎಂದು ಕೇಳಿದೆ. "ಕೆರೆ ಏರಿ ಕಡೀಗೆ. ಒಂದ್ ಸುತ್ತು ಓಡಾಡಿಸ್ಕೊಂಡು ಬತ್ತೀನಿ."

"ದಿನಾಲೂ ಹೋಗ್ತೀರಾ?"

"ಎಂಡ್ರು ತಿನ್ಸಿದ್ ದಿವ್ಸ ಎರಡು ಸುತ್ತು," ಎಂದರು.

ಆಗ ನನಗೆ ರೋಗ ಯಾವುದೆಂದು ಗೊತ್ತಾಯಿತು. ಅವರು ಬೀದಿಯ ಎರಡೂ ಕಡೆ ನೋಡಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. ನಾನು ಸಭೆಯಲ್ಲಿ ಪಕ್ವವಾದ ಆಸ್ತಿ, ಪಕ್ವವಾಗದ ಆಸ್ತಿ ಎಂದು ಏನೋ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಕಟಾವಿಗೆ ಬಂದದ್ದು ಪಕ್ವ, ಇನ್ನೂ ಬೆಳೆಯುತ್ತಿರುವುದು ಅಪಕ್ವ. "ಇದನ್ನ ಆ ಎರಡ್ನೇದ್ರಾಗೆ ಬರ್ಕೊಳ್ಳಿ ಸಾರ್. ಬ್ಯಾಂಕ್‌ನೋರು ಬರ್ದವ್ರೆ ಅಂದ್ರೆ ನಮ್ಮೋಳೂ ಕೇಳ್ತಾಳೆ."

ನಾನು ಟಗರನ್ನು ನೋಡಿದೆ. ಗದ್ದದ ಕೆಳಗೆ ಕೂದಲು ಬೆಳ್ಳಗಾಗಿತ್ತು. ಅದು ಹೇಗೆ ಅಪಕ್ವ ಅಂತ ಬರೆಯಲಿ ಎಂದೆ.

ಅವರು ಅದರ ಬೆನ್ನು ಸವರಿದರು. "ವಯಸ್ಸಾಗೈತೆ ಸಾರ್. ಬುದ್ಧಿ ಇನ್ನೂ ಬಲಿತಿಲ್ಲ."

ಪಾರಿವಾಳದ ಹಾಜರಿ

ಆ ಊರಿನ ಸಂಜೆಯ ಹಾಲನ್ನು ಕೊಳ್ಳುವವರು ಒಬ್ಬರೇ. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯವರ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿರುವ, ಹಿಂದೆ ಗಣಿಯಲ್ಲಿ ದುಡಿದ ಹಿರಿಯರು. ಮೊಪೆಡ್ಡಿನಲ್ಲಿ ಬಂದು ಎರಡು ಕ್ಯಾನು ಒಯ್ದು ತಮ್ಮ ಲೈನಿನಲ್ಲಿ ಹಂಚುತ್ತಾರೆ. ಸಂಜೆ ಹಾಲು ಇದೆ ಎನ್ನುವುದಕ್ಕೆ ಅವರ ಮಾತು ಒಂದು ಪುರಾವೆಯಾಗುತ್ತದೆಂದು ನಾನು ಅವರ ಮನೆಗೆ ಹೋದೆ. ಬರೆದುಕೊಡಲು ಒಪ್ಪಿದರು. ಆದರೆ ಒಂದು ಷರತ್ತು.

"ನಮ್ಮ ಪುರಾ ಕೂಡ ನಿಮ್ಮ ಲಿಸ್ಟ್‌ನಲ್ಲಿ ಸೇರಿಸ್ಬೇಕು ಸಾರ್." ಪುರಾ ಎಂದರೆ ತಮಿಳಿನಲ್ಲಿ ಪಾರಿವಾಳ. ಮನೆಯ ಮೇಲೆ ತಗಡು, ಬಲೆಯಿಂದ ಕಟ್ಟಿದ ಗೂಡಿತ್ತು, ಗೂಡಿನಲ್ಲಿ ಒಂದೂ ಹಕ್ಕಿಯಿರಲಿಲ್ಲ.

ಖುಷಿಗೆ ಸಾಕಿದ ಹಕ್ಕಿ ನಮ್ಮ ಲೆಕ್ಕದಲ್ಲಿ ಜೈವಿಕ ಆಸ್ತಿಯಾಗುವುದಿಲ್ಲ, ಬೇಸಾಯಕ್ಕೆ ಸಾಕಿರಬೇಕು ಎಂದೆ. ಅವರ ಮುಖ ಸಪ್ಪಗಾಯಿತು. ಅದನ್ನು ನೋಡಲಾರದೆ ಇನ್ನೊಂದು ಕಾರಣವನ್ನೂ ಸೇರಿಸಿದೆ. ಆಸ್ತಿ ಎಂದರೆ ನಮ್ಮ ಹಿಡಿತದಲ್ಲಿರಬೇಕು. ನಿಮ್ಮ ಹಕ್ಕಿ ಆಕಾಶದಲ್ಲಿದೆ.

"ಹಿಡಿತ ಇಲ್ಲ ಅಂತ ಯಾರು ಸಾರ್ ಹೇಳಿದ್ದು? ಕೊಂಚ ಇರಿ."

ಹೊತ್ತು ಇಳಿಯುವವರೆಗೆ ಇದ್ದೆ. ಗಣಿಯ ಕಸದ ಮಣ್ಣು ಗುಡ್ಡೆಬಿದ್ದ ಸೈನೈಡ್ ದಿಬ್ಬದ ಮೇಲೆ ಪಾರಿವಾಳಗಳ ಒಂದು ದಂಡು ಸುತ್ತುತ್ತಿತ್ತು. ಅವರು ನಾಲಿಗೆ ಮಡಚಿ ಒಂದು ಸಿಳ್ಳು ಹಾಕಿದರು. ಇಡೀ ದಂಡು ತಿರುಗಿ ಬಂದು ಗೂಡಿನ ಮೇಲೆ ಇಳಿಯಿತು. ನಾನು ಒಪ್ಪಿದೆ. ಹಿಡಿತ ಅಂದರೆ ಅದು.

ಅವರು ಬೆರಳು ಮಡಚುತ್ತಾ ಎಣಿಸಿದರು, ಇನ್ನೊಮ್ಮೆ ಎಣಿಸಿದರು. "ಕಣಕ್ಕು ಸರಿಯಾ ಇರುಕ್ಕು ಸಾರ್. ಲೆಕ್ಕ ಸರಿಯಾಗೈತೆ." ಆದರೆ ಅವರ ಕಣ್ಣು ಗೂಡಿನ ಮೂಲೆಯಲ್ಲಿತ್ತು. ಅಲ್ಲಿ ಎರಡು ಕಂದು ಹಕ್ಕಿ ದಾರಿ ತಪ್ಪಿದವರ ಹಾಗೆ ಕೂತಿದ್ದವು. ಉಳಿದವೆಲ್ಲ ಬಿಳಿ, ಬೂದು.

ಇವು ನಿಮ್ಮವಾ ಎಂದು ಕೇಳಿದೆ.

"ಇಲ್ಲ ಸಾರ್. ಇವು ಪಕ್ಕದ ಲೈನ್‌ನವನ್ದು. ನಮ್ದು ಎರಡು ಅವನ ಹತ್ರ ಹೋಗೈತೆ."

ಹಾಗಾದರೆ ಲೆಕ್ಕ ಹೇಗೆ ಸರಿಯಾಯಿತು ಎಂದೆ. ಆಗಲೇ ಆಚೆ ಲೈನಿನ ಕಡೆಯಿಂದ ಉದ್ದನೆಯ ಸಿಳ್ಳೊಂದು ಕೇಳಿಬಂತು. ಹಿರಿಯರು ಅದಕ್ಕೆ ಕಿವಿಗೊಟ್ಟು, ಗೂಡಿನ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದರು. "ಅವನೂ ಈಗ ಎಣಿಸ್ತಾ ಇರ್ತಾನೆ ಸಾರ್. ಅವನ್ದೂ ಸರಿಯಾಗೇ ಇರುತ್ತೆ. ಇಬ್ಬರದೂ ಸರಿ ಇದ್ಮೇಲೆ ಜಗಳ ಯಾಕೆ?"

ಪಕ್ಕದ ಮನೆಯ ಹಸು

ಮಾವಿನ ಕಾಯಿ ಬಲಿಯಿತು, ಬಿಸಿಲು ಏರುತ್ತಾ ಬಂತು. ಒಂದೆರಡು ಮನೆಯಲ್ಲಿ ಆಗಲೇ ಬೆಳಿಗ್ಗೆ ಹಾಲು ಒಡೆಯತೊಡಗಿತ್ತು. ಕೊನೆಗೂ ಬ್ಯಾಂಕಿನ ಸಾಹೇಬರು ಬರುವ ದಿನ ಗೊತ್ತಾಯಿತು. ಧಾರವಾಡದ ಕಡೆಯವರು, ಬಂಗಾರಪೇಟೆಗೆ ಹೊಸಬರು. ನನ್ನ ವರದಿಯಲ್ಲಿ ಅವರಿಗೆ ಉಳಿದಿದ್ದ ಪ್ರಶ್ನೆ ಒಂದೇ. ಬೆಳಗಿನ ಹಾಲಿಗೆ ವ್ಯಾನಿನವರ ಲೆಕ್ಕವಿದೆ. ಸಂಜೆಯ ಹಾಲಿಗೆ ಮೊಪೆಡ್ಡಿನವರ ಎರಡು ಕ್ಯಾನು ಬಿಟ್ಟರೆ ಯಾರ ಲೆಕ್ಕವೂ ಇಲ್ಲ. ಅದನ್ನು ಅವರು ಊರವರ ಬಾಯಿಂದಲೇ ಕೇಳಬೇಕು, ಅದರ ಮೇಲೆ ಮೆಶೀನು.

ಹಿಂದಿನ ದಿನ ಅಧ್ಯಕ್ಷೆ ಮನೆಮನೆಗೂ ಹೋಗಿ ಹೇಳಿ ಬಂದರು. "ಕೇಳ್ದಾಗ ಇರೋದನ್ನ ಇದ್ದಂಗೆ ಏಳ್ರಮ್ಮ. ನಾಳೆ ಒಂದಿನ ಬಾಯಿ ಬಿಟ್ರೆ ಬ್ಯಾಸ್ಗೆ ಪೂರ್ತಿ ಆಲು ಉಳಿತೈತೆ." ಎಲ್ಲರೂ ತಲೆಯಾಡಿಸಿದರು.

ಸಾಹೇಬರು ಮಧ್ಯಾಹ್ನಕ್ಕೆ ಬಂದರು. ಡೇರಿಯ ಮುಂದಿನ ಹೊಂಗೆ ಮರದ ಕೆಳಗೆ ಹೆಂಗಸರೆಲ್ಲ ಕೂತರು. ಸಾಹೇಬರು ಮೊದಲು ಅಧ್ಯಕ್ಷೆಯನ್ನೇ ಕೇಳಿದರು. "ನಿಮ್ಮ ಆಕಳ ಸಂಜೀ ಹೊತ್ತಿಗೆ ಎಷ್ಟ ಹಾಲ ಕೊಡ್ತದರೀ?"

ಅಧ್ಯಕ್ಷೆ ಬಾಯಿ ತೆರೆದರು. ಸುತ್ತ ನೋಡಿದರು. ಇಡೀ ಊರಿನ ಕಣ್ಣು ಅವರ ಮೇಲಿತ್ತು. ಅವರ ಹಸು ಸಂಜೆಗೆ ಬಿಂದಿಗೆ ತುಂಬಿಸುವುದನ್ನು ನಾನೇ ನೋಡಿದ್ದೆ. ಅವರು ಹೇಳಿದ್ದು: "ನಮ್ದಾ? ಎಲ್ ಬಿಡಿ ಸಾರ್. ಕರ ಕುಡ್ದು ಉಳಿದ್ರೆ ಏನೋ ಒಂದ್ ಲೋಟ."

ಅಲ್ಲಿಂದ ಎಲ್ಲರಿಗೂ ದಾರಿ ಸಿಕ್ಕಿದಂತಾಯಿತು. ಎರಡನೆಯವರು, "ನಮ್ದು ಬತ್ತೋಗೈತೆ," ಎಂದರು. ಮೂರನೆಯವರು, "ಕಾಪಿಗೂ ಸಾಲ್ದು," ಎಂದರು. ನನ್ನನ್ನು ಒದ್ದ ಹಸುವಿನ ಒಡತಿ, "ನಮ್ದು ಒದಿಯಾಕೇ ಇರೋದು ಸಾರ್, ಆಲಿಗಲ್ಲ," ಎಂದರು. ನನ್ನ ಇಷ್ಟು ದಿನದ ಓಡಾಟ ಕಣ್ಣೆದುರಿಗೇ ನೀರಾಗುತ್ತಿತ್ತು.

ತಪ್ಪು ಅವರದ್ದಲ್ಲ. ಈ ಕಡೆ ತನ್ನ ಹಸು ಇಷ್ಟು ಕೊಡುತ್ತದೆಂದು ನಾಲ್ಕು ಜನರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ, ಸಂಜೆಗೇ ಕೆಚ್ಚಲು ಬಾಯುತ್ತದೆ. ಮೆಶೀನು ಬರಲಿ ಬಿಡಲಿ, ಹಸು ಮುಖ್ಯ. ಸಾಹೇಬರು ನನ್ನ ಕಡೆ ತಿರುಗಿದರು. "ಹಾಲ ಹಿಂಡೂ ಮುಂದ ನಾನಽ ನಿಂತು ನೋಡ್ಲೇನ್ರೀ?" ಅದೂ ಆಗದು ಎಂದೆ. ಹೊಸಬರು ಎದುರಿಗಿದ್ದರೆ ಹಸು ತೊರೆ ಬಿಡುವುದಿಲ್ಲ, ಹಾಲು ಇಳಿಸುವುದೇ ಇಲ್ಲ.

ಸಾಹೇಬರು ಬಂದ ಲೆಕ್ಕವನ್ನು ಕೂಡಿದರು. ಪೆನ್ನಿನ ಮುಚ್ಚಳ ಹಾಕಿದರು. "ಇಷ್ಟು ಹಾಲಿಗೆ ಮೆಶಿನ್ ಯಾಕ್ರೀ? ಒಂದು ಮಣ್ಣಿನ ಗಡಿಗಿ ನೀರಾಗ ಇಟ್ರ ಸಾಕು," ಎಂದು ಎದ್ದರು. ಅಧ್ಯಕ್ಷೆ ಅವರ ಹಿಂದೆ ಎರಡು ಹೆಜ್ಜೆ ಇಟ್ಟರು. ಆದರೂ ಬಾಯಿ ಮಾತ್ರ ತೆರೆಯಲಿಲ್ಲ.

ಆಗ ಹಿಂದೆ ಕೂತಿದ್ದ ಒಬ್ಬಾಕೆ, ಸಾಹೇಬರು ಸುಮ್ಮನೆ ಹಿಂತಿರುಗುವುದನ್ನು ನೋಡಲಾರದೆ, "ನಮ್ದು ಬುಡಿ ಸಾರ್," ಎಂದರು. "ಅಗೋ, ಆಯಮ್ಮನ ಮನೇದು ನೋಡಿ. ಸಂಜೆ ಕರೆಯಾಕೆ ಕೂತ್ರೆ ಬಿಂದಿಗೆ ತುಂಬಿ ಒರೀಕೆ ಸುರಿತೈತೆ."

ಆಯಮ್ಮ ಎದ್ದು ನಿಂತರು. "ನಮ್ದಾ? ನಿನ್ ಕಣ್ಣಿಗ್ ಮಣ್ಣಾಕ. ನಿಮ್ಮನೇದು ಎರಡು ಅಸ ಸೇರಿ ಕ್ಯಾನು ತುಂಬ್ತದೆ, ಎತ್ತಕ್ಕೆ ನಿನ್ ಗಂಡ ಬೇಕು. ಅದನ್ನ್ಯಾಕೆ ಏಳಲ್ಲ?"

"ನಮ್ದೇನ್ ಕಂಡೆ? ಆ ಮೂಲೆ ಮನೇದು ಕೇಳು, ಕರೆದೂ ಕರೆದೂ ಅವ್ಳ ಕೈ ಊದ್ಕೊಂಡೈತೆ."

ಮೂಲೆ ಮನೆಯವರು ಸುಮ್ಮನಿರಲಿಲ್ಲ. ಬತ್ತಿಹೋಗಿದೆ ಎಂದವರ ಹಸುವಿನ ಹಾಲು ಎಷ್ಟು ದಪ್ಪ, ಎಷ್ಟು ಲೀಟರು, ಯಾವ ಹೋಟೆಲಿಗೆ ಕದ್ದು ಹೋಗುತ್ತದೆ, ಎಲ್ಲ ಹೊರಬಂತು. ಒಂದೊಂದು ಮನೆಯ ಲೆಕ್ಕಕ್ಕೂ ಮೂರು ಮೂರು ಸಾಕ್ಷಿ. ಸಾಹೇಬರು ಮೆಲ್ಲಗೆ ಮತ್ತೆ ಕೂತರು. ಪೆನ್ನಿನ ಮುಚ್ಚಳ ತೆಗೆದರು. ಜಗಳ ಬಿಸಿಯಾದಷ್ಟೂ ಹಾಲು ಹೆಚ್ಚಾಗುತ್ತಾ ಹೋಯಿತು. ಕಡೆಗೆ ಯಾರೋ ಅಧ್ಯಕ್ಷೆಯ ಹಸುವಿನ ಹೆಸರನ್ನೂ ಎತ್ತಿದರು. ಅಧ್ಯಕ್ಷೆ ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದರು, ಅಲ್ಲಗಳೆಯಲಿಲ್ಲ.

ಸಾಹೇಬರು ಹೊಸ ಲೆಕ್ಕ ಕೂಡಿ ನನ್ನ ಕಿವಿಯ ಹತ್ತಿರ ಬಂದರು. "ಇದು ಭಾಳ ಆತ್ರೀ. ಇಷ್ಟು ಹಾಲು ಇಡೀ ತಾಲ್ಲೂಕಿನಾಗ ಇಲ್ಲ. ಬಾಜೂ ಮನಿಯವರ ಮಾತು ನಿಮ್ಮ ಶಾಸ್ತ್ರದಾಗ ನಡೀತದೇನು?"

ನಡೆಯುತ್ತದೆ ಎಂದೆ. ಜೈವಿಕ ಆಸ್ತಿಯನ್ನು ನ್ಯಾಯಬೆಲೆಯಲ್ಲಿ ಬರೆಯಬೇಕು. ನ್ಯಾಯಬೆಲೆ ಎಂದರೆ ಒಡೆಯ ಹೇಳಿದ ಬೆಲೆಯಲ್ಲ, ಹೊರಗಿನವರು ಕಟ್ಟುವ ಬೆಲೆ. ಸಾಹೇಬರು ನಕ್ಕರು. ಮನೆಯವರ ಮಾತಿಗೂ ನೆರೆಯವರ ಮಾತಿಗೂ ನಡುವಿನ ಒಂದು ಅಂಕಿ ಹಿಡಿದು, ಅದರ ಮೇಲೆ ಮೆಶೀನಿಗೆ ಶಿಫಾರಸು ಬರೆದರು.

ಮೆಶೀನು ಬಂತು. ಬಿಸಿಲು ನೆತ್ತಿ ಸುಡುವ ಮೊದಲೇ ಬಂತು. ಮೊದಲ ಸಂಜೆ ಹೆಂಗಸರು ಒಬ್ಬೊಬ್ಬರೇ, ಬೇರೆ ಬೇರೆ ಓಣಿಯಿಂದ, ಸೆರಗು ಮುಚ್ಚಿದ ಬಿಂದಿಗೆ ತಂದು ಸುರಿದು ಹೋದರಂತೆ. ಬೆಳಿಗ್ಗೆ ಒಂದು ತೊಟ್ಟೂ ಒಡೆದಿರಲಿಲ್ಲ. ಅಧ್ಯಕ್ಷೆ ಅದನ್ನು ಹೇಳಲು ನನಗೆ ಫೋನು ಮಾಡಿ, ಹೇಳದೆ ಅತ್ತರು.

ಕೆಲವು ದಿನ ಕಳೆದು ಸಾಹೇಬರು ಮೆಶೀನು ನೋಡಲು ಬಂದರು, ನಾನೂ ಜೊತೆಗೆ ಹೋದೆ. ಸ್ಟೀಲಿನ ದೊಡ್ಡ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಒಳಗೆ ಎಷ್ಟು ಹಾಲಿದೆಯೆಂದು ಹಸಿರು ಅಂಕಿಯಲ್ಲಿ ತೋರಿಸುವ ಒಂದು ಪೆಟ್ಟಿಗೆ ಅದರ ಮುಂದೆ ಇರಬೇಕಿತ್ತು. ಇತ್ತು. ಆದರೆ ಅದರ ಮೇಲೆ ಯಾರದೋ ಹಳೆಯ ರವಿಕೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಮೇಲೊಂದು ದೊಡ್ಡ ಕಾಡಿಗೆಯ ಬೊಟ್ಟು ಇಟ್ಟಿದ್ದರು.

"ಇದನ್ಯಾಕ ಮುಚ್ಚೀರಿ?" ಎಂದರು ಸಾಹೇಬರು.

ಅಧ್ಯಕ್ಷೆ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದರು. "ಮೆಶೀನು ಒಳ್ಳೇದೇ ಸಾರ್. ಲೋಕಜ್ಞಾನ ಮಾತ್ರ ಇಲ್ಲ. ಯಾರ್ ಬಂದು ಕೇಳಿದ್ರೂ ನಿಜ ಏಳ್ಬಿಡ್ತೈತೆ."